ಮೇಲಿನ ನೀರು, ಕೆಳಗಿನ ಮೀನು

ಹವಾಯಿ ದ್ವೀಪಗಳ ಹೊಳೆಗಳಿಗೆ ಸ್ವಂತ ಎನ್ನಬಹುದಾದ ಸಿಹಿನೀರಿನ ಮೀನುಗಳು ಐದೇ ಜಾತಿ. ಅಲ್ಲಿನ ಜನ ಅವನ್ನೆಲ್ಲ ಒಟ್ಟಾಗಿ ಓಓಪು ಎಂದು ಕರೆಯುತ್ತಾರೆ. ಐದರಲ್ಲಿ ನಾಲ್ಕು ಜಾತಿಗಳಿಗೆ ಹೊಟ್ಟೆಯ ಕೆಳಗಿನ ಎರಡು ಈಜುರೆಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಕಲ್ಲಿಗೆ ಅಂಟಿಕೊಳ್ಳುವ ಅಂಗವಾಗಿವೆ. ಕೆಲವು ಜಾತಿಗಳು ಅದನ್ನು ಒದ್ದೆ ಬಂಡೆಗೆ ಒತ್ತಿ ಹಿಡಿದು, ಬೀಳುವ ನೀರಿನ ಪಕ್ಕದಲ್ಲೇ ಇಂಚಿಂಚಾಗಿ ಮೇಲೇರುತ್ತವೆ. ದೊಡ್ಡ ದ್ವೀಪವೆಂದೇ ಕರೆಯುವ ಹವಾಯಿ ದ್ವೀಪದ ಅಕಾಕಾ ಜಲಪಾತದ ಎತ್ತರ ಸುಮಾರು 135 ಮೀಟರ್. ಅದರ ನೆತ್ತಿಯಾಚೆಗಿನ ಹೊಳೆಯಲ್ಲೂ ಓಓಪು ಇದೆ. ಅಷ್ಟು ಎತ್ತರದಲ್ಲಿ ಬದುಕುವ ಈ ಮೀನು ಹುಟ್ಟಿದ ಕೂಡಲೇ ಹೋಗುವುದು ಮಾತ್ರ ಸಮುದ್ರಕ್ಕೆ. ಹೊಳೆಯ ಕಲ್ಲಿಗೆ ಅಂಟಿಸಿದ ಮೊಟ್ಟೆ ಒಡೆದಾಗ ಹೊರಬರುವ ಮರಿ ಪ್ರವಾಹದಲ್ಲಿ ತೇಲುತ್ತ ಕಡಲು ಸೇರಿ, ಅಲ್ಲಿ ಕೆಲವು ತಿಂಗಳು ಬೆಳೆದು, ಯಾವುದಾದರೊಂದು ಹೊಳೆಯ ಅಳಿವೆಯನ್ನು ಹುಡುಕಿಕೊಂಡು ಮತ್ತೆ ಮೇಲಕ್ಕೆ ಹತ್ತಬೇಕು. ನಡುವೆ ಎಲ್ಲೋ ಒಂದು ಕಡೆ ಹೊಳೆಯ ನೀರನ್ನು ಪೂರ್ತಿ ತಿರುಗಿಸಿಬಿಟ್ಟರೆ ಈ ದಾರಿ ಕಡಿಯುತ್ತದೆ. ಮೇಲಿನ ಕಾಡು ಎಷ್ಟೇ ದಟ್ಟವಾಗಿರಲಿ, ಕೆಳಗಿನ ಕಡಲು ಎಷ್ಟೇ ಶುಭ್ರವಾಗಿರಲಿ, ಆ ಹೊಳೆಯಲ್ಲಿ ಕ್ರಮೇಣ ಮೀನು ಉಳಿಯುವುದಿಲ್ಲ.

ಈ ಮೀನು ನಡೆಯುವ ದಾರಿಯುದ್ದಕ್ಕೂ ಹವಾಯಿಯ ಹಳೆಯ ಭೂವಿಭಾಗದ ಗಡಿಗಳೂ ಸಾಗುತ್ತಿದ್ದವು. ಪ್ರತಿ ದ್ವೀಪವನ್ನು ಮೊಕು ಎಂಬ ದೊಡ್ಡ ಸೀಮೆಗಳಾಗಿ, ಪ್ರತಿ ಮೊಕುವನ್ನು ಅಹುಪುವಾ ಎಂಬ ಹೋಬಳಿಗಳಾಗಿ ಹಂಚಿದ್ದರು. ಅಹುಪುವಾದ ಮಾದರಿ ರೂಪ ಹೀಗೆ: ಮೋಡ ತಾಗುವ ಬೆಟ್ಟದ ನೆತ್ತಿಯಿಂದ ಹೊರಟು, ಕಣಿವೆ, ಗದ್ದೆ, ಹಳ್ಳಿಗಳನ್ನು ದಾಟಿ, ಕಡಲೊಳಗಿನ ಹವಳದಿಬ್ಬದವರೆಗೆ ಚಾಚಿದ ಒಂದು ಪಟ್ಟಿ. ನೆತ್ತಿಯ ಕಾಡು ದೇವರ ಸೀಮೆ. ಅಲ್ಲಿ ವಿಧಿ-ಪೂಜೆ ನಡೆಸದೆ ಕೊಡಲಿ ಹಾಕುವಂತಿರಲಿಲ್ಲ. ಅದರ ಕೆಳಗೆ ದೋಣಿಗೆ, ಮನೆಗೆ ಬೇಕಾದ ಮರ. ಇನ್ನೂ ಕೆಳಗೆ ಗದ್ದೆ, ತೋಟ. ಕೊನೆಗೆ ಮೀನುಕೊಳ, ಅಳಿವೆ, ಹವಳದಿಬ್ಬ. ಇಡೀ ಪಟ್ಟಿಯ ಉಸ್ತುವಾರಿ ಕೊನೊಹಿಕಿ ಎಂಬ ಒಬ್ಬ ಅಧಿಕಾರಿಯದು. ಎಲ್ಲ ಅಹುಪುವಾಗಳೂ ಪಠ್ಯಪುಸ್ತಕದ ಚಿತ್ರದಷ್ಟು ಅಚ್ಚುಕಟ್ಟಾಗಿರಲಿಲ್ಲ. ಹೊಳೆಯೇ ಇಲ್ಲದವು ಇದ್ದವು, ಕಡಲು ಮುಟ್ಟದವೂ ಇದ್ದವು. ಕಾಡುಹಕ್ಕಿಯಂಥ ಕೆಲವು ಸಂಪನ್ಮೂಲಗಳ ನಿರ್ವಹಣೆ ಇಡೀ ಮೊಕುವಿನ ಮಟ್ಟದಲ್ಲಿ ನಡೆಯುತ್ತಿತ್ತೆಂದು ಇತ್ತೀಚಿನ ಸಂಶೋಧಕರು ವಾದಿಸಿದ್ದಾರೆ. ಆದರೂ ಮುಖ್ಯ ಸಂಗತಿ ಬದಲಾಗುವುದಿಲ್ಲ. ಮೇಲೆ ಮರ ಕಡಿಯಲು ಒಪ್ಪಿಗೆ ಕೊಡುವವನೂ ಕೆಳಗೆ ಮೀನಿನ ಪಾಲು ಪಡೆಯುವವನೂ ಒಬ್ಬನೇ ಆಗಿದ್ದ. ಬೆಟ್ಟದ ಮಣ್ಣು ಜಾರಿ ಮೀನುಕೊಳ ತುಂಬಿಕೊಂಡರೆ ನಷ್ಟ ಅವನದೇ ಕಣಜಕ್ಕೆ.

ಈ ಅಧ್ಯಾಯದ ವಾದ ಇಷ್ಟು. ಹವಾಯಿಯ ಭೂಪಾಲನೆಯ ಬಗ್ಗೆ ಮಾತಾಡುವಾಗ ಪ್ರಕೃತಿಪ್ರೇಮ, ಭೂಮಿಯೇ ಅಜ್ಜಿಯೆಂಬ ನಂಬಿಕೆ, ಹಿರಿಯರ ವಿವೇಕ ಎಂಬ ಮಾತುಗಳು ಮೊದಲು ಬರುತ್ತವೆ. ಆ ನಂಬಿಕೆಗಳು ನಿಜವಾಗಿಯೂ ಇದ್ದವು, ಇಂದಿಗೂ ಇವೆ. ಆದರೆ ನೆಲ, ನೀರುಗಳನ್ನು ಕಾದದ್ದು ನಂಬಿಕೆಯೊಂದೇ ಅಲ್ಲ. ವಸ್ತು ಸುತ್ತಿ ಬರುವ ದಾರಿಯನ್ನು ಗಿಡ್ಡವಾಗಿಟ್ಟು, ಆ ದಾರಿಯ ಒಂದು ತುದಿಯಲ್ಲಿ ತೀರ್ಮಾನ ಮಾಡುವವನು ಇನ್ನೊಂದು ತುದಿಯ ಫಲವನ್ನು ತಾನೇ ಉಣ್ಣುವಂತೆ ಮಾಡಿದ ಏರ್ಪಾಡು. ಆ ಏರ್ಪಾಡು ಇದ್ದಷ್ಟು ದಿನ ನೆಲ, ನೀರು ಉಳಿದವು. ಅದು ಮುರಿದಾಗ, ಅದೇ ಜನ, ಅದೇ ನಂಬಿಕೆ ಇದ್ದರೂ, ಹಾಳಾದವು. ಇಂದಿನ ನಮ್ಮ ದಿನಬಳಕೆಯ ಮರುಬಳಕೆ, ಕಸವಿಂಗಡಣೆಗಳ ಏಳುಬೀಳನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು.

ಮೊದಲು ನೀರನ್ನು ನೋಡೋಣ. ಹವಾಯಿಯ ಮುಖ್ಯ ಆಹಾರ ಕೆಸು. ನಮ್ಮಲ್ಲಿ ಎಲೆಯಿಂದ ಪತ್ರೊಡೆ, ಗಡ್ಡೆಯಿಂದ ಸಾರು ಮಾಡುವ ಅದೇ ಸಸ್ಯ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಡೆಯಿಂದ ದ್ವೀಪದಿಂದ ದ್ವೀಪಕ್ಕೆ ದೋಣಿಯೇರಿ ಪೆಸಿಫಿಕ್ ದಾಟಿ ಹೋಗಿದೆ. ಅಲ್ಲಿ ಅದನ್ನು ಭತ್ತದಂತೆ ನೀರು ನಿಲ್ಲಿಸಿದ ಗದ್ದೆಯಲ್ಲಿ ಬೆಳೆದರು. ನಿಲ್ಲಿಸಿದ ಎಂದರೆ ತಪ್ಪಾದೀತು, ಹರಿಸಿದ ಎನ್ನಬೇಕು. ಗದ್ದೆಯ ನೀರಿನ ಬಿಸಿ ಸುಮಾರು 25 ಡಿಗ್ರಿ ಸೆಲ್ಸಿಯಸ್ ಮೀರಿದರೆ ಬೂಸಿನಂಥ ಜೀವಿಗಳು ಹೆಚ್ಚಿ ಗಡ್ಡೆ ಕೊಳೆಯತೊಡಗುತ್ತದೆ. ಆದ್ದರಿಂದ ಹೊಳೆಯ ತಣ್ಣೀರು ಒಂದು ಮಡೆಯಲ್ಲಿ ಒಳಬಂದು, ಮೆಟ್ಟಿಲು ಮೆಟ್ಟಿಲಾಗಿ ಗದ್ದೆಯಿಂದ ಗದ್ದೆಗೆ ಇಳಿದು, ಕೊನೆಯ ಮಡೆಯಿಂದ ಮತ್ತೆ ಹೊಳೆಗೇ ಸೇರುತ್ತಿತ್ತು. ಎಮ್ಮಾ ನಕುಯಿನಾ ಎಂಬ ಹವಾಯಿ ವಿದುಷಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನೀರಾವರಿಯ ಕಟ್ಟಳೆಗಳನ್ನು ಬರೆದಿಟ್ಟಿದ್ದಾರೆ. ನೀರಿನ ಹಕ್ಕಿನ ವ್ಯಾಜ್ಯಗಳನ್ನು ತೀರ್ಮಾನಿಸುವ ಸರ್ಕಾರಿ ಹುದ್ದೆಯಲ್ಲಿದ್ದವರಾದ್ದರಿಂದ ಅವರ ಬರಹಕ್ಕೆ ಹೆಚ್ಚಿನ ತೂಕವಿದೆ. ಅವರ ಪ್ರಕಾರ, ಕಟ್ಟದ ಕೆಳಗೆ ಹೊಳೆಯಲ್ಲಿ ಉಳಿಯುವ ನೀರಿಗಿಂತ ಹೆಚ್ಚು ನೀರನ್ನು ಯಾವ ಕಾಲುವೆಯೂ ಎಳೆದುಕೊಳ್ಳುವಂತಿರಲಿಲ್ಲ. ಕಟ್ಟವೆಂದರೂ ಗಾರೆ ಹಾಕಿದ ಗೋಡೆಯಲ್ಲ. ಸಡಿಲ ಕಲ್ಲು, ಒಂದಷ್ಟು ಹೆಂಟೆ, ಸಂದುಗಳಲ್ಲಿ ನೀರು ಸೋರುತ್ತಲೇ ಇರಬೇಕು. ಯಾರಾದರೂ ಕಟ್ಟವನ್ನು ಮಿತಿಮೀರಿ ಎತ್ತರಿಸಿದರೆ ಕೆಳಗಿನವರು ಬಂದು ಅದನ್ನು ಕೆಡವುವ ಹಕ್ಕು ಪಡೆದಿದ್ದರು. ಕಾಲುವೆ ತೋಡಲು ಯಾರು ಎಷ್ಟು ಆಳು ಕಳಿಸಿದ್ದರೋ ಅದಕ್ಕೆ ತಕ್ಕಂತೆ ನೀರಿನ ಸರದಿ. ಹೂಳೆತ್ತುವ ಕೆಲಸಕ್ಕೆ ಬಾರದವನ ಪಾಲಿಗೆ ಕತ್ತರಿ. ಸರದಿ ನೋಡಿಕೊಳ್ಳಲು ನಮ್ಮ ಕೆರೆಗಳ ನೀರುಗಂಟಿಯಂಥ ಒಬ್ಬನಿದ್ದ. ಸಡಿಲ ಕಲ್ಲಿನ ಆ ಕಟ್ಟದ ವಿಷಯವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಕಾನೂನು ಅಲ್ಲಿ ಕಲ್ಲಿನ ಜೋಡಣೆಯಲ್ಲೇ ಇತ್ತು. ಕಾವಲುಗಾರ ನಿದ್ದೆಹೋದರೂ ಸಂದಿನಿಂದ ನೀರು ಕೆಳಗೆ ಹೋಗುತ್ತಿತ್ತು, ಓಓಪುವಿನ ದಾರಿ ತೆರೆದೇ ಇರುತ್ತಿತ್ತು.

ಗದ್ದೆಯಿಂದ ಹೊರಬಂದ ನೀರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಬದುಗಳ ನಡುವೆ ನಿಧಾನಿಸಿದ್ದರಿಂದ ಹೊಳೆಯ ಹೂಳು ಬಹುಮಟ್ಟಿಗೆ ಗದ್ದೆಯಲ್ಲೇ ಕುಳಿತು, ಸೊಪ್ಪುಗೊಬ್ಬರದ ಸಾರ ಮಾತ್ರ ಕರಗಿ ಮುಂದೆ ಸಾಗುತ್ತಿತ್ತು. ಕಡಲಂಚಿನಲ್ಲಿ ಆ ಸಾರಕ್ಕಾಗಿಯೇ ಕಾದಿರುವಂತೆ ಮೀನುಕೊಳಗಳು. ಓವಾಹು ದ್ವೀಪದ ಹೆಯೀಯಾ ಕೊಳ ಇಂದಿಗೂ ನೋಡಸಿಗುವ ಉದಾಹರಣೆ. ಆರರಿಂದ ಎಂಟು ಶತಮಾನ ಹಳೆಯದು, 88 ಎಕರೆ ವಿಸ್ತಾರದ್ದು. ಸುತ್ತ ಎರಡು ಕಿಲೋಮೀಟರಿಗೂ ಮಿಕ್ಕಿದ ಗೋಡೆ: ಎರಡು ಸಾಲು ಕರಿಗಲ್ಲು, ನಡುವೆ ಹವಳದ ಚೂರುಗಳ ತುಂಬುವಿಕೆ. ಗೋಡೆಯಲ್ಲಿ ಅಲ್ಲಲ್ಲಿ ಮಾಕಾಹಾ ಎಂಬ ತೂಬುಗಳು. ತೂಬಿಗೆ ಒತ್ತೊತ್ತಾಗಿ ನಿಲ್ಲಿಸಿದ ಮರದ ಕೋಲುಗಳ ಬಾಗಿಲು. ಕೋಲುಗಳ ನಡುವೆ ಬೆರಳಗಲದ ಸಂದು. ಕಡಲಿನ ಮೀನುಮರಿಗಳು ಕೊಳದ ಪಾಚಿಯ ಆಸೆಗೆ ಈ ಸಂದಿನಲ್ಲಿ ನುಸುಳಿ ಒಳಬರುತ್ತವೆ, ತಿಂದು ಕೊಬ್ಬುತ್ತವೆ, ಮತ್ತೆ ಹೊರಹೋಗಲು ಆ ಸಂದು ಸಾಲುವುದಿಲ್ಲ. ಭರತದ ಹೊತ್ತಿಗೆ ಹೊಸ ಕಡಲನೀರು ಒಳನುಗ್ಗುವಾಗ ದೊಡ್ಡ ಮೀನುಗಳು ತೂಬಿನ ಬಳಿಯೇ ಬಂದು ಮುತ್ತುತ್ತವೆ. ಬೇಕಾದಷ್ಟನ್ನು ಬಲೆಯಲ್ಲಿ ಎತ್ತಿಕೊಂಡರಾಯಿತು. ಸಾಕಿದ್ದು ಮುಖ್ಯವಾಗಿ ಮುಲ್ಲೆಟ್ ಮತ್ತು ಹೂಮೀನು, ಎರಡೂ ಪಾಚಿ ಮೇಯುವಂಥವು. ಆಹಾರ ಸರಪಳಿಯಲ್ಲಿ ಒಂದೊಂದು ಮೆಟ್ಟಿಲು ಏರಿದಂತೆಲ್ಲ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಮಾತ್ರ ಮುಂದಕ್ಕೆ ದಾಟುತ್ತದೆ. ಮೀನು ತಿನ್ನುವ ಮೀನನ್ನು ಸಾಕುವ ಬದಲು ಪಾಚಿ ತಿನ್ನುವ ಮೀನನ್ನು ಸಾಕಿದವರು ಒಂದು ಮೆಟ್ಟಿಲಿನ ಪೋಲನ್ನು ಉಳಿಸಿಕೊಂಡರು. ಇಂದಿನ ಮೀನು ಸಾಕಣೆಯಲ್ಲಿ ಮೀನಿಗೇ ಮೀನಿನ ಹಿಟ್ಟು ತಿನ್ನಿಸುವ ಪದ್ಧತಿಯನ್ನು ನೆನೆದರೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ. 1990ರ ಒಂದು ಸಮೀಕ್ಷೆ ಹವಾಯಿಯಲ್ಲಿ ಇಂಥ 488 ಕೊಳಗಳ ಕುರುಹು ಪಟ್ಟಿಮಾಡಿತು.

ತೆರೆದ ಕಡಲಿಗೂ ಕಟ್ಟಳೆಯಿತ್ತು. ಟ್ಯೂನಾ ಜಾತಿಯ ಅಕು ಮತ್ತು ಅದಕ್ಕಿಂತ ಚಿಕ್ಕ ಓಪೆಲು ಎಂಬ ಎರಡು ಮೀನುಗಳಿಗೆ ಸರದಿಯ ನಿಷೇಧ: ವರ್ಷದ ಸುಮಾರು ಅರ್ಧಭಾಗ ಒಂದನ್ನು ಮುಟ್ಟಬಾರದು, ಉಳಿದರ್ಧ ಇನ್ನೊಂದನ್ನು. ದೊಡ್ಡ ದ್ವೀಪದ ದಕ್ಷಿಣ ಕೋನಾ ಸೀಮೆಯ ಬೆಸ್ತರು ಓಪೆಲು ನಿಷೇಧದ ತಿಂಗಳುಗಳಲ್ಲಿ ಸುಮ್ಮನೆ ಕೂರುತ್ತಿರಲಿಲ್ಲ. ಮೀನು ಗುಂಪುಗೂಡುವ ಜಾಗಕ್ಕೆ ದೋಣಿಯಲ್ಲಿ ಹೋಗಿ, ಬೇಯಿಸಿ ಅರೆದ ಕೆಸುವಿನಂಥ ತಿನಿಸು ಹಾಕಿ ಬರುತ್ತಿದ್ದರು. ಹಿಡಿಯುವ ಕಾಲ ಬಂದಾಗ ಮೀನು ಅಲ್ಲೇ ಇರುತ್ತಿತ್ತು. ಗದ್ದೆಯ ಬೆಳೆಯ ಒಂದು ಪಾಲು ಕಡಲಿಗೆ ಹೋಗಿ ಮೀನಾಗಿ ಮರಳುವ ಈ ಏರ್ಪಾಡಿನಲ್ಲಿ ಬಿತ್ತುವವನೂ ಕೊಯ್ಯುವವನೂ ಬೇರೆಯಾಗಿರಲಿಲ್ಲ.

ಮನೆಯೊಳಗಿನ ಮಿತಬಳಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಲೋಹವಿಲ್ಲದ, ಮಡಕೆ ಮಾಡುವ ರೂಢಿಯಿಲ್ಲದ ದ್ವೀಪದಲ್ಲಿ ಊಟದ ಬಟ್ಟಲನ್ನು ಮರದಿಂದ ಕೊರೆಯಬೇಕಿತ್ತು. ಒಂದೊಂದಕ್ಕೂ ಕಲ್ಲಿನ ಉಳಿಯ ಎಷ್ಟೋ ದಿನಗಳ ದುಡಿಮೆ. ಅದು ಬಿರುಕುಬಿಟ್ಟರೆ ಎಸೆಯುತ್ತಿರಲಿಲ್ಲ. ಬಿರುಕಿಗೆ ಅಡ್ಡಲಾಗಿ, ನಡುವೆ ಸಣ್ಣ, ಎರಡು ಕೊನೆಗಳಲ್ಲಿ ಅಗಲವಾದ ಮೀನಿನ ಬಾಲದಾಕಾರದ ಮರದ ತುಂಡನ್ನು ಕೂರಿಸುತ್ತಿದ್ದರು. ಬಿರುಕು ಮತ್ತಷ್ಟು ಬಿಡಲು ಹೊರಟರೆ ಆ ತುಂಡಿನ ಅಗಲ ತುದಿಗಳೇ ಅದನ್ನು ಹಿಡಿದು ನಿಲ್ಲಿಸುತ್ತವೆ. ಇಂಥ ತೇಪೆಗಳು ಹೆಚ್ಚಿದಷ್ಟೂ ಬಟ್ಟಲಿನ ಗೌರವ ಹೆಚ್ಚುತ್ತಿತ್ತು. ಮರದ ತೊಗಟೆಯನ್ನು ನೆನೆಸಿ ಬಡಿದು ಮಾಡುವ ಕಪಾ ಬಟ್ಟೆಯೂ ಹಾಗೆಯೇ: ಹಳತಾದ ಕೆಂಪು ಬಟ್ಟೆಯ ಚೂರುಗಳನ್ನು ಹೊಸ ಬಿಳಿ ನಾರಿನೊಂದಿಗೆ ಕೂಡಿಸಿ ಬಡಿದು ಹೊಸ ಬಗೆಯ ಬಟ್ಟೆ ಮಾಡುತ್ತಿದ್ದರು. ಕೆಸು ಕಿತ್ತಾಗ ಗಡ್ಡೆಯನ್ನು ಅಡುಗೆಗೆ ಕತ್ತರಿಸಿಕೊಂಡು, ಮೇಲಿನ ತೆಳು ಬಿಲ್ಲೆಯನ್ನು ದಂಟಿನ ಬುಡದ ಸಮೇತ ಅದೇ ಗದ್ದೆಯಲ್ಲಿ ನಾಟಿ ಮಾಡುವುದು ಇಂದಿಗೂ ನಡೆದಿದೆ. ಇದಕ್ಕೆ ಯಾವ ಘೋಷಣೆಯೂ ಬೇಕಿರಲಿಲ್ಲ. ಹೊಸದನ್ನು ತರುವ ಕಷ್ಟ ಎಷ್ಟೆಂದು ಬಳಸುವವನಿಗೇ ಗೊತ್ತಿತ್ತು.

ಇಲ್ಲಿ ಒಂದು ಗಂಭೀರ ಆಕ್ಷೇಪ ಎದುರಾಗುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಇಷ್ಟು ಜಾಣತನದ ಜನ ಬಂದ ಮೇಲೆ ಹವಾಯಿಯ ಜೀವಸಂಪತ್ತಿಗೆ ಆದದ್ದೇನು? ಸ್ಟಾರ್ಸ್ ಓಲ್ಸನ್ ಮತ್ತು ಹೆಲೆನ್ ಜೇಮ್ಸ್ 1982ರಲ್ಲಿ ಪ್ರಕಟಿಸಿದ ಪಳೆಯುಳಿಕೆ ಅಧ್ಯಯನದ ಪ್ರಕಾರ, ಯುರೋಪಿನವರು ಬರುವ ಮೊದಲೇ ಅಲ್ಲಿನ ಸುಮಾರು 40 ಜಾತಿಯ ನೆಲಹಕ್ಕಿಗಳು ನಿರ್ನಾಮವಾಗಿದ್ದವು. ಅವುಗಳಲ್ಲಿ ಹಾರಲಾರದ ದೊಡ್ಡ ಬಾತುಗಳೂ ಇದ್ದವು. ಓವಾಹುವಿನ ಬಯಲಿನ ಕೆಸರಿನಲ್ಲಿ ಸಿಕ್ಕ ಪರಾಗಕಣಗಳು ಇನ್ನೊಂದು ಕತೆ ಹೇಳುತ್ತವೆ. ದೋಣಿಗಳಲ್ಲಿ ಬಂದ ಇಲಿಗಳು, ಜನ ಇನ್ನೂ ಕಾಲಿಡದ ಕಡೆಗೂ ಹರಡಿ, ತಗ್ಗಿನ ತಾಳೆಗಾಡುಗಳ ಬೀಜ ತಿಂದು ಮುಗಿಸಿದವೆಂಬುದು ಪುರಾತತ್ತ್ವಜ್ಞ ಸ್ಟೀಫನ್ ಏಥೆನ್ಸ್ ಮತ್ತು ಸಂಗಡಿಗರ ತೀರ್ಮಾನ. ಆ ಕೆಸರಿನಲ್ಲಿ ಯಥೇಚ್ಛವಾಗಿ ಸಿಗುತ್ತಿದ್ದ ಒಂದು ಪರಾಗ ಯಾವ ಗಿಡದ್ದೆಂದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. 1992ರಲ್ಲಿ ಕಾಹೊಓಲಾವೆ ದ್ವೀಪದ ಪಕ್ಕದ ಒಂಟಿ ಬಂಡೆಯ ಮೇಲೆ ಆ ಗಿಡ ಪತ್ತೆಯಾಯಿತು. ಇದ್ದದ್ದು ಎರಡೇ ಎರಡು. ಮಾವಿ ದ್ವೀಪದ ಕಾಹಿಕಿನುಯಿ ಎಂಬ ಒಣಸೀಮೆಯ ಮಣ್ಣನ್ನು ಪರೀಕ್ಷಿಸಿದವರು ಶತಮಾನಗಳ ಗೆಣಸಿನ ಬೇಸಾಯ ಅಲ್ಲಿನ ಪೋಷಕಾಂಶಗಳನ್ನು ಸವೆಸಿತ್ತೆಂದು 2006ರಲ್ಲಿ ತೋರಿಸಿದರು. ಹಾಗಿದ್ದರೆ ಪಾಲನೆ ಎಂಬ ಮಾತೇ ಬರಿಯ ಕಟ್ಟುಕತೆಯೇ?

ಕಾಲವನ್ನು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಪಾಲಿನೇಷ್ಯನ್ನರು ಹವಾಯಿ ತಲುಪಿದ್ದು ಕ್ರಿ.ಶ. 1000ರಿಂದ 1200ರ ಆಸುಪಾಸಿನಲ್ಲಿ. ಹಕ್ಕಿಗಳ, ತಗ್ಗುಕಾಡಿನ ನಾಶದ ದೊಡ್ಡ ಪಾಲು ಮೊದಲ ಶತಮಾನಗಳಿಗೆ ಸೇರಿದ್ದು. ದೊಡ್ಡ ಅರಸೊತ್ತಿಗೆಗಳು, ಅಹುಪುವಾ ಗಡಿಗಳು, ವಿಸ್ತಾರವಾದ ಮೀನುಕೊಳಗಳು ಅನಂತರದವು. 2011ರಲ್ಲಿ ಜಾನ್ ಕಿಟಿಂಜರ್ ಮತ್ತು ಸಂಗಡಿಗರು ಹವಾಯಿಯ ಹವಳದಿಬ್ಬಗಳ ಇತಿಹಾಸವನ್ನು ಪುರಾತತ್ತ್ವ, ಪರಿಸರ ಹಾಗೂ ಲಿಖಿತ ದಾಖಲೆಗಳಿಂದ ಮರುಕಟ್ಟಿದರು. ಮನುಷ್ಯರು ಬಂದ ಮೇಲೆ ಇಳಿಮುಖವಾಗಿದ್ದ ಹವಳದಿಬ್ಬಗಳ ಸ್ಥಿತಿ 1400ರಿಂದ 1820ರವರೆಗೆ ಚೇತರಿಸಿಕೊಂಡಿತ್ತು ಎಂಬುದು ಅವರಿಗೆ ಕಂಡದ್ದು. ದೊಡ್ಡ ಜನಸಂಖ್ಯೆಯಿದ್ದ ಕಾಲದಲ್ಲೇ ಈ ಚೇತರಿಕೆ! ಹವಾಯಿಯ ಜನ ಹುಟ್ಟಿನಿಂದಲೇ ಪರಿಸರಪಾಲಕರಾಗಿದ್ದರೆಂದು ಹೇಳಲು ಈ ಪುರಾವೆ ಬಿಡುವುದಿಲ್ಲ, ಅವರು ಪಾಲಕರೇ ಅಲ್ಲ ಎನ್ನಲೂ ಬಿಡುವುದಿಲ್ಲ. ಕಳೆದುಕೊಂಡು ಕಲಿತ ಜನ ಎನ್ನಬೇಕು. ನನ್ನ ದೃಷ್ಟಿಯಲ್ಲಿ ಇದು ಹುಟ್ಟುಗುಣಕ್ಕಿಂತ ದೊಡ್ಡ ಸಾಧನೆ, ಏಕೆಂದರೆ ಕಲಿತದ್ದನ್ನು ಬೇರೆಯವರೂ ಕಲಿಯಬಹುದು. ಸ್ಯಾಮ್ ಗಾನ್ ಮತ್ತು ಸಂಗಡಿಗರ 2018ರ ಅಂದಾಜಿನಂತೆ, 1778ರಲ್ಲಿ ಕ್ಯಾಪ್ಟನ್ ಕುಕ್ ಬರುವ ಹೊತ್ತಿಗೆ ಲಕ್ಷಾಂತರ ಜನರನ್ನು ಸಾಕುತ್ತಿದ್ದ ಬೇಸಾಯ ಮತ್ತು ವಸತಿ ಆವರಿಸಿದ್ದು ದ್ವೀಪಗಳ ಮೂಲ ಪರಿಸರದ ಶೇ. 15ಕ್ಕಿಂತ ಕಡಿಮೆ ಭಾಗವನ್ನು. ಹಳೆಯ ಪದ್ಧತಿಯ ಗದ್ದೆ, ಹೊಲ, ಮರಗಾಡುತೋಟಗಳು ಸುಮಾರು 1,000 ಚದರ ಕಿಲೋಮೀಟರಿನಲ್ಲಿ ವರ್ಷಕ್ಕೆ 10 ಲಕ್ಷ ಟನ್ನಿಗೂ ಹೆಚ್ಚು ಆಹಾರ ಬೆಳೆಯಬಲ್ಲವಾಗಿದ್ದವೆಂದು 2019ರ ಇನ್ನೊಂದು ಅಧ್ಯಯನ ಲೆಕ್ಕಹಾಕಿದೆ. ಇಂದು ಅಮೆರಿಕದ ಒಂದು ರಾಜ್ಯವಾಗಿರುವ ಅದೇ ಹವಾಯಿ ತನ್ನ ಆಹಾರದ ಶೇ. 85ರಿಂದ 90ರಷ್ಟನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತದೆ.

ಇನ್ನೊಂದು ಆಕ್ಷೇಪ ನೈತಿಕವಾದದ್ದು. ಕಪು ಎಂಬ ಆ ನಿಷೇಧಗಳ ಹಿಂದೆ ಮರಣದಂಡನೆಯ ಭಯವಿತ್ತು. ಹೆಂಗಸರು ಹಂದಿಮಾಂಸ, ತೆಂಗು, ಹೆಚ್ಚಿನ ಬಗೆಯ ಬಾಳೆ ತಿನ್ನುವಂತಿರಲಿಲ್ಲ, ಗಂಡಸರೊಂದಿಗೆ ಕೂತು ಉಣ್ಣುವಂತಿರಲಿಲ್ಲ. ಅರಸರ ನೆರಳು ತುಳಿದರೂ ತಲೆ ಹೋಗಬಹುದಿತ್ತು. ಇಂಥ ವ್ಯವಸ್ಥೆಯಿಂದ ಪರಿಸರ ಉಳಿಯಿತೆಂದು ಹೊಗಳುವುದು ಸರಿಯೇ ಎಂದು ಕೇಳುವವರು ನ್ಯಾಯವಾಗಿಯೇ ಕೇಳುತ್ತಾರೆ. ಆದರೆ ಇತಿಹಾಸವೇ ಇಲ್ಲಿ ಒಂದು ಪ್ರಯೋಗ ಮಾಡಿ ತೋರಿಸಿದೆ. 1819ರಲ್ಲಿ ರಾಣಿ ಕಾಅಹುಮಾನು ಮತ್ತು ಅರಸ ಎರಡನೇ ಕಾಮೇಹಾಮೇಹಾ ಸೇರಿ ಕಪು ಧರ್ಮವನ್ನೇ ತೊಡೆದುಹಾಕಿದರು. ಇಪ್ಪತ್ತು ವರ್ಷಗಳ ಅನಂತರ, 1839ರಲ್ಲಿ, ಮೂರನೇ ಕಾಮೇಹಾಮೇಹಾ ಮೀನುಗಾರಿಕೆಗೆ ಬರವಣಿಗೆಯ ಕಾನೂನು ತಂದಾಗ ಹವಳದಿಬ್ಬದ ಒಳಗಿನ ನೀರು ಕೊನೊಹಿಕಿಗೆ ಮತ್ತು ಆ ಅಹುಪುವಾದ ಒಕ್ಕಲಿಗೆ ಸೇರಿತು, ಹೊರಗಿನದು ಎಲ್ಲರದಾಯಿತು. ಕೊನೊಹಿಕಿ ಯಾವುದೋ ಒಂದು ಜಾತಿಯ ಮೀನನ್ನು ತನಗೆಂದು ಮೀಸಲಿಡಬಹುದು, ಇಲ್ಲವೇ ಹಿಡಿದದ್ದರಲ್ಲಿ ಮೂರನೇ ಒಂದು ಪಾಲು ಪಡೆಯಬಹುದು, ಎರಡೂ ಕೂಡದು. ದೇವರ ಭಯ, ತಲೆ ಹೋಗುವ ಭಯ ಹೋದ ಮೇಲೂ ಏರ್ಪಾಡಿನ ತಿರುಳು ಉಳಿಯಿತು. ಹಾಗಾಗಿ ಕ್ರೌರ್ಯವನ್ನೂ ಪಾಲನೆಯನ್ನೂ ಬಿಡಿಸಲಾಗದ ಗಂಟೆಂದು ತಿಳಿಯಬೇಕಿಲ್ಲ.

ಗಂಟು ಬಿಚ್ಚಿದ್ದು ಇನ್ನೊಂದು ಬದಿಯಿಂದ. ನನ್ನ ವಾದಕ್ಕೆ ಅತ್ಯಂತ ಬಲವಾದ ಸಾಕ್ಷಿ ಗಂಧದ ಮರದ ವ್ಯಾಪಾರ. ಮೈಸೂರಿನ ಶ್ರೀಗಂಧದ ಕುಲಕ್ಕೇ ಸೇರಿದ ಮರಗಳು ಹವಾಯಿಯ ಕಾಡುಗಳಲ್ಲೂ ಇದ್ದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವರ್ತಕರು ಅದನ್ನು ಕೊಂಡು ಚೀನಾದ ಕ್ಯಾಂಟನ್ನಿಗೆ ಸಾಗಿಸತೊಡಗಿದರು. ಹಡಗು, ಬಟ್ಟೆ, ಬಂದೂಕುಗಳಿಗಾಗಿ ಅರಸರು ಸಾಲ ಮಾಡಿದರು. ಸಾಲ ತೀರಿಸಲು 1826ರಲ್ಲಿ ಪ್ರತಿ ಗಂಡಾಳೂ ಸುಮಾರು 30 ಕಿಲೋ ಗಂಧದ ಕಟ್ಟಿಗೆ ತಂದೊಪ್ಪಿಸಬೇಕೆಂದು ತೆರಿಗೆ ಹಾಕಿದರು. ಜನ ಗದ್ದೆ ಬಿಟ್ಟು ಬೆಟ್ಟ ಹತ್ತಿದರು. 1830ರ ದಶಕದ ಹೊತ್ತಿಗೆ ಮಾರಲು ತಕ್ಕ ಮರ ಹೆಚ್ಚೇನೂ ಉಳಿದಿರಲಿಲ್ಲ. ಕಾಡು ಕಾದವರೂ ಕಾಡು ಬೋಳಿಸಿದವರೂ ಒಂದೇ ಅರಸುವರ್ಗದವರು. ಹಿಂದೆ ಅವರ ಲಾಭ ನಷ್ಟಗಳೆರಡೂ ಅದೇ ಕಣಿವೆಯಲ್ಲಿ ಕಾಣುತ್ತಿದ್ದವು. ಈಗ ಲಾಭ ಹಡಗಿನಿಂದ ಇಳಿಯುತ್ತಿತ್ತು, ನಷ್ಟ ಗದ್ದೆಯವನ ಮೇಲೆ ಬೀಳುತ್ತಿತ್ತು. ಅದರ ಜೊತೆಗೆ ಹೊರಗಿನ ರೋಗಗಳು ಜನರನ್ನು ಬಲಿ ತೆಗೆದುಕೊಂಡವು. 1890ರ ಜನಗಣತಿಯಲ್ಲಿ ಮೂಲ ಹವಾಯಿಯನ್ನರು, ಮಿಶ್ರಸಂತತಿಯವರೂ ಸೇರಿ, ಸುಮಾರು 40,000 ಮಾತ್ರ. 1848ರ ಮಾಹೇಲೆ ಎಂಬ ಭೂಹಂಚಿಕೆ ನೆಲವನ್ನು ಮಾರಿಕೊಳ್ಳಬಹುದಾದ ಖಾಸಗಿ ಸೊತ್ತಾಗಿಸಿತು. ಅದರ ಅನಂತರ ಸಾಮಾನ್ಯ ಒಕ್ಕಲಿಗೆ ದಕ್ಕಿದ್ದು ಒಟ್ಟು ನೆಲದ ಶೇ. 1ಕ್ಕಿಂತ ಕಡಿಮೆ. ಬಳಿಕ ಕಬ್ಬಿನ ಕಂಪನಿಗಳು ಮಳೆಯ ಬದಿಯ ಹೊಳೆಗಳನ್ನು ಸುರಂಗ, ಕಾಲುವೆಗಳಲ್ಲಿ ಒಣ ಬದಿಗೆ ತಿರುಗಿಸಿದವು. ಓವಾಹುವಿನ ವಾಯಾಹೋಲೆ ಕಾಲುವೆ 1916ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಮುಂದೆ ನೀರು ತಿರುಗಿಸಿಕೊಂಡವನಿಗೆ ಕೆಳಗಿನ ಗದ್ದೆ ಕೊಳೆತದ್ದು, ಓಓಪು ಕಾಣೆಯಾದದ್ದು ಲೆಕ್ಕಕ್ಕೇ ಬರಲಿಲ್ಲ.

ಮುರಿದ ಸುತ್ತಿನ ಗುರುತು ಇಂದಿನ ಹವಾಯಿಯ ನೀರಿನಲ್ಲೂ ಕಸದಲ್ಲೂ ಕಾಣುತ್ತದೆ. ರಾಜ್ಯದಲ್ಲಿ 80,000ಕ್ಕೂ ಹೆಚ್ಚು ಮಲಗುಂಡಿಗಳಿವೆ. ಅವುಗಳಿಂದ ದಿನಕ್ಕೆ ಸುಮಾರು 20 ಕೋಟಿ ಲೀಟರ್ ಹೊಲಸು ನೀರು ಸಂಸ್ಕರಣೆಯಿಲ್ಲದೆ ನೆಲಕ್ಕಿಳಿಯುತ್ತದೆಂದು ಅಧಿಕಾರಿಗಳ ಅಂದಾಜು. ಇವನ್ನೆಲ್ಲ 2050ರೊಳಗೆ ಬದಲಿಸಬೇಕೆಂದು 2017ರಲ್ಲಿ ಕಾನೂನಾಗಿದೆ. ಮಲದಲ್ಲಿರುವುದೂ ಸಾರಜನಕ, ರಂಜಕಗಳೇ. ಹಿಂದೆ ಕೆಸುಗದ್ದೆಯಿಂದ ಮೀನುಕೊಳಕ್ಕೆ ಸಾಗಿ ಪಾಚಿಯಾಗಿ, ಮೀನಾಗಿ ಊಟಕ್ಕೆ ಮರಳುತ್ತಿದ್ದ ಅದೇ ಪೋಷಕಾಂಶಗಳು. ಈಗ ಅವು ಅಂತರ್ಜಲದೊಂದಿಗೆ ಕಡಲಿಗೆ ಸೋರಿ ಹವಳದ ಮೇಲೆ ಪಾಚಿ ಹಬ್ಬಿಸುತ್ತವೆ. ವಸ್ತು ಅದೇ, ತಡೆದು ಬಳಸಿಕೊಳ್ಳುವ ತಾಣ ಮಾತ್ರ ಇಲ್ಲ. ಸನ್‌ಸ್ಕ್ರೀನ್ ಲೇಪದ ಎರಡು ರಾಸಾಯನಿಕಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದ ಸುದ್ದಿ ಜಗತ್ತಿಗೆಲ್ಲ ತಲುಪಿತು. ಅದು ಒಳ್ಳೆಯ ಹೆಜ್ಜೆಯೇ. ಆದರೆ ಮಲಗುಂಡಿಯ ಸುದ್ದಿ ಅಷ್ಟು ದೂರ ಹೋಗಲಿಲ್ಲ, ಹೋಗಬೇಕಿತ್ತು.

ಒಣಕಸದ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಓವಾಹು ದ್ವೀಪದ ಹೊನೊಲುಲುವಿನ ಮನೆಗಳಲ್ಲಿ ಬಣ್ಣಬಣ್ಣದ ತೊಟ್ಟಿಗಳಿವೆ, ಜನ ಶ್ರದ್ಧೆಯಿಂದ ವಿಂಗಡಿಸುತ್ತಾರೆ. ಸೊಪ್ಪುಸದೆಯ ತೊಟ್ಟಿ ದ್ವೀಪದಲ್ಲೇ ಗೊಬ್ಬರವಾಗುತ್ತದೆ. ಅದು ಗಿಡ್ಡ ಸುತ್ತು. ಪ್ಲಾಸ್ಟಿಕ್ಕು, ಡಬ್ಬಗಳು ಸಾಗರ ದಾಟಿ ಹೋಗಬೇಕು. ಹತ್ತಿರದ ಕ್ಯಾಲಿಫೋರ್ನಿಯಾ ತೀರವೇ ಸುಮಾರು 3,800 ಕಿಲೋಮೀಟರ್ ದೂರ. ಉಳಿದ ಕಸದ ಬಹುಪಾಲನ್ನು 1990ರಿಂದ ಎಚ್‌-ಪವರ್ ಎಂಬ ಸ್ಥಾವರದಲ್ಲಿ ಸುಟ್ಟು ವಿದ್ಯುತ್ ತೆಗೆಯುತ್ತಾರೆ. ಬೂದಿ ಹೋಗುವುದು ದ್ವೀಪದ ಪಶ್ಚಿಮದ ವಾಯಿಮಾನಾಲೊ ಗಲ್ಚ್ ಕಸದಿಣ್ಣೆಗೆ. ಆ ಕರಾವಳಿ ಮೂಲ ಹವಾಯಿಯನ್ನರು ದೊಡ್ಡ ಸಂಖ್ಯೆಯಲ್ಲಿರುವ ಪ್ರದೇಶ. ಪ್ರವಾಸಿಗರ ತಾಣವಾದ ವೈಕೀಕಿಯ ಹೋಟೆಲಿನಲ್ಲಿ ಕೊಂಡು ಎಸೆದವರಿಗೆ ಆ ದಿಣ್ಣೆ ಕಾಣುವುದೇ ಇಲ್ಲ. ಇದಕ್ಕೆ ಹೋಲಿಸಿದರೆ 2005ರ ಜನವರಿಯಲ್ಲಿ ಜಾರಿಗೆ ಬಂದ ಪಾನೀಯದ ಬಾಟಲಿಯ ಠೇವಣಿ ಪದ್ಧತಿ ಹೆಚ್ಚು ಜಾಣತನದ್ದು. ಕೊಳ್ಳುವಾಗ ಐದು ಸೆಂಟ್ ಹೆಚ್ಚು ಕೊಡಬೇಕು, ಖಾಲಿ ಬಾಟಲಿ ತಂದರೆ ಅದು ಮರಳುತ್ತದೆ. ಮಾರಾಟವಾದ ಬಾಟಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹಿಂದಕ್ಕೆ ಬರುತ್ತವೆ. ಉಪದೇಶದಿಂದ ಆಗದ್ದನ್ನು ಎಸೆಯುವವನ ಕೈಯಲ್ಲೇ ಲಾಭನಷ್ಟ ಇಟ್ಟ ಐದು ಸೆಂಟ್ ಮಾಡಿತು. ಆದರೂ ಬಾಟಲಿ ತಯಾರಿಸಿದವನು ಈ ಸುತ್ತಿನ ಹೊರಗೇ ಉಳಿದಿದ್ದಾನೆ. ಅವನನ್ನೂ ಒಳಗೆ ತಂದರೆ ಮಾತ್ರ ಬಾಟಲಿಯ ರೂಪವೇ ಬದಲಾದೀತು.

ಕೊನೆಯ ಆಕ್ಷೇಪ ಅಳತೆಯದು. ಸುಮಾರು 14 ಲಕ್ಷ ನಿವಾಸಿಗಳು, 2019ರಲ್ಲಿ ಒಂದು ಕೋಟಿ ದಾಟಿದ ಪ್ರವಾಸಿಗರು ಇರುವ ರಾಜ್ಯಕ್ಕೆ ಕೆಸುಗದ್ದೆಯ ಕಾಲದ ಏರ್ಪಾಡು ಹೊಂದೀತೇ? ಇಡಿಯಾಗಿ ಹೊಂದುವುದಿಲ್ಲ, ಹಾಗೆಂದು ಅಲ್ಲಿ ಕೆಲಸ ಮಾಡುವವರು ಹೇಳುವುದೂ ಇಲ್ಲ. ಅವರು ಮಾಡುತ್ತಿರುವುದು ಕಡಿದುಹೋದ ಕೊಂಡಿಗಳನ್ನು ಒಂದೊಂದಾಗಿ ಕೂಡಿಸುವ ಕೆಲಸ. ಹೆಯೀಯಾ ಕೊಳದ ಗೋಡೆ 1965ರ ಪ್ರವಾಹದಲ್ಲಿ ಒಡೆದಿತ್ತು. ಒಳಗೆಲ್ಲ ಕಾಂಡ್ಲಾ ಕಾಡು ಬೆಳೆದಿತ್ತು. ನಮ್ಮ ಕರಾವಳಿಯಲ್ಲಿ ಕಾಂಡ್ಲಾ ನೆಟ್ಟು ಬೆಳೆಸುವುದು ಪುಣ್ಯದ ಕೆಲಸ. ಹವಾಯಿಗೆ ಅದು ಹೊರಗಿನ ಗಿಡ, 1902ರಲ್ಲಿ ಒಂದು ಸಕ್ಕರೆ ಕಂಪನಿ ಕೊಚ್ಚಿಹೋಗುತ್ತಿದ್ದ ಮಣ್ಣು ತಡೆಯಲು ಮೊಲೊಕಾಯಿ ದ್ವೀಪದಲ್ಲಿ ತಂದು ನೆಟ್ಟದ್ದು. ಪೈಪೈ ಓ ಹೆಯೀಯಾ ಎಂಬ ಸ್ಥಳೀಯ ಸಂಸ್ಥೆ 2001ರಿಂದ ಆ ಮರ ಕಡಿದು, ಕಲ್ಲು ಹೊತ್ತು, 2015ರಲ್ಲಿ ಗೋಡೆಯ ಒಡಕನ್ನು ಮುಚ್ಚಿತು. ಅದೇ ಕಣಿವೆಯ ಮೇಲ್ಭಾಗದ ಜೌಗಿನಲ್ಲಿ ಇನ್ನೊಂದು ಸಂಸ್ಥೆ ಮತ್ತೆ ಕೆಸು ಬೆಳೆಯುತ್ತಿದೆ. ಹೂಳು ಕೊಳಕ್ಕೆ ಇಳಿಯುವ ಮೊದಲೇ ಗದ್ದೆಯಲ್ಲಿ ತಂಗಲಿ ಎಂಬುದು ಅದರ ಒಂದು ಉದ್ದೇಶ. ವಾಯಾಹೋಲೆಯಲ್ಲಿ ಕಬ್ಬಿನ ಕಂಪನಿ 1995ರಲ್ಲಿ ಮುಚ್ಚಿದಾಗ ನೀರು ಯಾರದೆಂಬ ವ್ಯಾಜ್ಯ ನಡೆದು, 2000ದ ಆಗಸ್ಟಿನಲ್ಲಿ ಹವಾಯಿಯ ಸುಪ್ರೀಂ ಕೋರ್ಟ್ ನೀರು ಸಾರ್ವಜನಿಕ ನ್ಯಾಸವೆಂದೂ, ಹೊಳೆಯಲ್ಲಿ ಹರಿಯುವುದೂ ಅದರ ಒಂದು ಸದ್ಬಳಕೆಯೆಂದೂ ತೀರ್ಪಿತ್ತಿತು. ನೀರಿನ ಒಂದು ಪಾಲು ಮಳೆಯ ಬದಿಯ ಹೊಳೆಗಳಿಗೆ ಮರಳಿದೆ. ಕೌವಾಯಿ ದ್ವೀಪದ ಹಾಎನಾದಲ್ಲಿ ಊರವರೇ ಬರೆದ ಮೀನುಗಾರಿಕೆ ನಿಯಮಗಳಿಗೆ 2015ರಲ್ಲಿ ರಾಜ್ಯಪಾಲರ ಸಹಿ ಬಿತ್ತು: ಹೊತ್ತಿನ ಊಟಕ್ಕೆ ಹಿಡಿಯಬಹುದು, ಮಾರಲು ಹಿಡಿಯುವಂತಿಲ್ಲ, ಮರಿಗಳು ಬೆಳೆಯುವ ಒಂದು ಭಾಗಕ್ಕೆ ಇಳಿಯುವಂತೆಯೇ ಇಲ್ಲ. 2018ರ ಏಪ್ರಿಲ್‌ನ ಭಾರೀ ಮಳೆ ರಸ್ತೆ ಕೊಚ್ಚಿಕೊಂಡುಹೋದ ಮೇಲೆ ಮುಂದಿನ ವರ್ಷ ಅಲ್ಲಿನ ಉದ್ಯಾನ ಮತ್ತೆ ತೆರೆದಾಗ, ದಿನಕ್ಕೆ 900 ಪ್ರವಾಸಿಗರಿಗೆ ಮಾತ್ರ ಪ್ರವೇಶವೆಂದು ಮಿತಿ ಬಂತು. ಇಡೀ ರಾಜ್ಯಕ್ಕೆ ಒಬ್ಬ ಕೊನೊಹಿಕಿಯನ್ನು ಹುಡುಕಲು ಯಾರೂ ಹೊರಟಿಲ್ಲ. ಒಂದು ಕಣಿವೆಯ ನೀರು, ಮೀನು, ಬಂದುಹೋಗುವ ಜನ, ಈ ಮೂರರ ಲೆಕ್ಕವನ್ನು ಆ ಕಣಿವೆಯವರ ಕೈಗೆ ಎಷ್ಟರಮಟ್ಟಿಗೆ ಕೊಡಬೇಕೆಂಬುದೇ ಈಗ ಅಲ್ಲಿನ ಸಭೆಗಳಲ್ಲಿ, ನೀರಿನ ಆಯೋಗದ ವಿಚಾರಣೆಗಳಲ್ಲಿ ನಡೆಯುತ್ತಿರುವ ವಾದ.